ಅಂಕಿತವಿಲ್ಲದ ಪ್ರಾರ್ಥನೆ: ನ್ಯೂಮನ್ ಪಾದ್ರಿಯ ಒಂದು ಕವಿತೆ ಮತ್ತು ಕನ್ನಡದಲ್ಲಿ ಅದರ ಬಾಳು

೧

ಕವಿಯ ಹೆಸರು ಅಳಿಸಿಹೋಗಿ ಕವಿತೆ ಮಾತ್ರ ಜನರ ನಾಲಗೆಯ ಮೇಲೆ ಉಳಿಯುವುದು ಸಾಹಿತ್ಯಚರಿತ್ರೆಯಲ್ಲಿ ಹೊಸ ಸಂಗತಿಯಲ್ಲ. ಆದರೆ ಆ ಕವಿ ಪರದೇಶದವನಾಗಿದ್ದು, ನಮ್ಮ ನಾಡನ್ನು ಕಣ್ಣಾರೆ ಕಾಣದವನಾಗಿದ್ದು, ಆತನ ಕವಿತೆ ಮಾತ್ರ ನಮ್ಮ ಶಾಲೆಗಳ ಬೆಳಗಿನ ಪ್ರಾರ್ಥನೆಯಾಗಿ ನೆಲೆಗೊಂಡಿದ್ದರೆ ಆ ಸಂಗತಿಯು ವಿಚಾರಾರ್ಹವಾಗುತ್ತದೆ. ‘ಕರುಣಾಳು ಬಾ ಬೆಳಕೆ’ ಎಂಬ ಹೆಸರಿನಿಂದ ಕನ್ನಡಿಗರು ಬಲ್ಲ ಗೀತೆ ಅಂಥದು. ಅದನ್ನು ಕನ್ನಡಕ್ಕೆ ತಂದವರು ಬಿ. ಎಂ. ಶ್ರೀಕಂಠಯ್ಯನವರು, ೧೯೨೬ರಲ್ಲಿ ಪ್ರಕಟವಾದ ‘ಇಂಗ್ಲಿಷ್ ಗೀತಗಳು’ ಸಂಕಲನದ ಮೂಲಕ ಅದು ಮನೆಮಾತಾಯಿತು. ಮೂಲವನ್ನು ಬರೆದವನು ಜಾನ್ ಹೆನ್ರಿ ನ್ಯೂಮನ್ (೧೮೦೧–೧೮೯೦) ಎಂಬ ಇಂಗ್ಲಿಷ್ ಪಾದ್ರಿ.

ಇಂಗ್ಲಿಷ್ ಗದ್ಯದ ಚರಿತ್ರೆಯಲ್ಲಿ ನ್ಯೂಮನ್ನನಿಗೆ ಹಿರಿಯ ಸ್ಥಾನವಿದೆ. ಕವಿಯೆಂದು ಮಾತ್ರ ಆತನನ್ನು ಯಾರೂ ಮೊದಲ ಸಾಲಿನಲ್ಲಿ ಕೂರಿಸಿಲ್ಲ. ಹೀಗೆ ತನ್ನ ನಾಡಿನಲ್ಲಿ ಕಿರಿಯ ಕವಿಯೆನಿಸಿದವನ ಒಂದು ರಚನೆ ಕನ್ನಡದಲ್ಲಿ ಇಷ್ಟು ದೊಡ್ಡ ಬಾಳನ್ನು ಬಾಳಿದ್ದು ಹೇಗೆ? ಬಾಳುವಾಗ ಅದು ಏನನ್ನು ಪಡೆಯಿತು, ಏನನ್ನು ಕಳೆದುಕೊಂಡಿತು? ಈ ಎರಡು ಪ್ರಶ್ನೆಗಳನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ. ಕವಿಯ ಹೆಸರನ್ನು ಕಳೆದುಕೊಂಡದ್ದರಿಂದಲೇ ಈ ಗೀತೆ ಸರ್ವಜನರ ಸ್ವತ್ತಾಯಿತು. ಆದರೆ ಆ ಹೆಸರಿನೊಡನೆ ಕವಿತೆಯ ಅರ್ಧ ಅರ್ಥವೂ ಮರೆಯಾಯಿತು. ಆ ಅರ್ಥವನ್ನು ಮರಳಿ ತರುವುದು ಚರಿತ್ರೆಯನ್ನು ಕಲಿಸುವವರ ಕೆಲಸವೆಂಬುದು ನಮ್ಮ ಅಭಿಪ್ರಾಯ.

೨

ನ್ಯೂಮನ್ನನು ೧೮೦೧ರ ಫೆಬ್ರವರಿ ೨೧ರಂದು ಲಂಡನ್ನಿನಲ್ಲಿ ಒಬ್ಬ ಬ್ಯಾಂಕು ಮಾಲೀಕನ ಮಗನಾಗಿ ಹುಟ್ಟಿದನು. ಆಕ್ಸ್‌ಫರ್ಡಿನಲ್ಲಿ ಓದಿ ೧೮೨೨ರಲ್ಲಿ ಓರಿಯಲ್ ಕಾಲೇಜಿನ ಫೆಲೋ ಆದನು. ೧೮೨೫ರಲ್ಲಿ ಪೂರ್ಣದೀಕ್ಷೆ ಪಡೆದು, ೧೮೨೮ರಲ್ಲಿ ಅಲ್ಲಿನ ಸಂತ ಮೇರಿಯ ದೇವಾಲಯದ ಪಾದ್ರಿಯಾದನು. ಬುದ್ಧಿಶಕ್ತಿಗೆ ಹೆಸರಾಗಿದ್ದ ತರುಣನೀತ. ತನ್ನ ಬುದ್ಧಿಯ ಮೇಲೆ ತನಗಿದ್ದ ಅತಿಯಾದ ನೆಚ್ಚಿಕೆಯನ್ನು ಆತನೇ ಮುಂದೆ ಒಪ್ಪಿಕೊಂಡಿದ್ದಾನೆ. ಕವಿತೆಯ ಎರಡನೆಯ ನುಡಿಯಲ್ಲಿ ಬರುವ ಗತಕಾಲದ ಗರ್ವದ ಮಾತು ವಾಡಿಕೆಯ ವಿನಯದ ಮಾತಲ್ಲವೆಂಬುದಕ್ಕೆ ಇದು ಸಾಕ್ಷಿ.

೧೮೩೨ರ ಡಿಸೆಂಬರಿನಲ್ಲಿ ನ್ಯೂಮನ್ನನು ಗೆಳೆಯ ಹರೆಲ್ ಫ್ರೂಡ್ ಮತ್ತು ಆತನ ತಂದೆಯೊಡನೆ ಮೆಡಿಟರೇನಿಯನ್ ಸಮುದ್ರಯಾನಕ್ಕೆ ಹೊರಟನು. ಮರುವರ್ಷ ಗೆಳೆಯರು ಊರಿಗೆ ತಿರುಗಿದರೂ ತಾನೊಬ್ಬನೇ ಸಿಸಿಲಿ ದ್ವೀಪಕ್ಕೆ ಮರಳಿದನು. ಅಲ್ಲಿ ಮೇ ತಿಂಗಳಿನಲ್ಲಿ ವಿಷಮ ಜ್ವರ ತಗುಲಿ ಸಾವಿನ ಅಂಚಿಗೆ ಹೋದನು. ಜೊತೆಗಿದ್ದವನು ಒಬ್ಬ ಆಳು ಮಾತ್ರ. ತಾನು ಸಾಯಲಾರೆನೆಂದೂ, ಬೆಳಕಿಗೆ ತಾನು ದ್ರೋಹ ಬಗೆದಿಲ್ಲವೆಂದೂ ಆ ಬೇನೆಯಲ್ಲಿ ಆತ ನುಡಿದನಂತೆ. ಆ ಮಾತಿನ ಅರ್ಥ ತನಗೇ ಪೂರ್ತಿಯಾಗಿ ತಿಳಿಯಲಿಲ್ಲವೆಂದು ಮುಂದೆ ಆತ್ಮಕಥನದಲ್ಲಿ ಬರೆದಿದ್ದಾನೆ. ‘ಬೆಳಕು’ ಎಂಬ ಶಬ್ದವು ಕವಿತೆಗಿಂತ ಮೊದಲೇ ಜ್ವರದ ಹಾಸಿಗೆಯಲ್ಲಿ ಹುಟ್ಟಿತ್ತೆಂಬುದನ್ನು ವಾಚಕರು ಗಮನಿಸಬೇಕು.

ಚೇತರಿಸಿಕೊಂಡ ಮೇಲೂ ಊರು ಸೇರುವುದು ಸುಲಭವಾಗಲಿಲ್ಲ. ಪಲೆರ್ಮೊ ಬಂದರಿನಲ್ಲಿ ಮೂರು ವಾರ ಕಾದು, ಮಾರ್ಸೇಲ್ಸಿಗೆ ಕಿತ್ತಳೆಹಣ್ಣು ಸಾಗಿಸುತ್ತಿದ್ದ ಒಂದು ಹಡಗನ್ನು ಹತ್ತಿದನು. ಕಾರ್ಸಿಕಾ ಮತ್ತು ಸಾರ್ಡಿನಿಯಾ ದ್ವೀಪಗಳ ನಡುವಿನ ಬೊನಿಫಾಚೊ ಜಲಸಂಧಿಯಲ್ಲಿ ಗಾಳಿ ಬಿದ್ದುಹೋಗಿ ಹಡಗು ಒಂದು ವಾರವಿಡೀ ನಿಂತಲ್ಲೇ ನಿಂತಿತು. ಹಾಗೆ ನಿಂತ ಹಡಗಿನಲ್ಲಿ, ೧೮೩೩ರ ಜೂನ್ ೧೬ರಂದು, ೩೨ ವರ್ಷದ ಈ ಪಾದ್ರಿ ಮೂರು ನುಡಿಗಳ ಈ ಕವಿತೆಯನ್ನು ಬರೆದನು. ಮುಂದೆ ನಡೆಸೆಂದು ಬೇಡುವ ಕವಿತೆ ನಡೆಯಲಾರದೆ ನಿಂತ ಹಡಗಿನಲ್ಲಿ ರಚಿತವಾಯಿತು. ಮನೆ ದೂರವೆಂಬ ಮಾತು ಅಲ್ಲಿ ಬರಿಯ ರೂಪಕವಾಗಿರದೆ ಅಕ್ಷರಶಃ ನಿಜವೂ ಆಗಿತ್ತು.

ಜುಲೈ ೯ರಂದು ನ್ಯೂಮನ್ನನು ಮನೆ ಸೇರಿದನು. ಅದೇ ತಿಂಗಳ ೧೪ರಂದು ಮತ್ತೊಬ್ಬ ಪಾದ್ರಿಕವಿಯಾದ ಜಾನ್ ಕೀಬಲ್ ಆಕ್ಸ್‌ಫರ್ಡಿನಲ್ಲಿ ನೀಡಿದ ಉಪದೇಶದಿಂದ ಇಂಗ್ಲೆಂಡಿನ ಚರ್ಚಿನೊಳಗೆ ಒಂದು ದೊಡ್ಡ ಚಳವಳಿ ಮೊದಲಾಯಿತು. ನ್ಯೂಮನ್ನನು ಅದರ ಮುಂದಾಳಾದನು. ೧೨ ವರ್ಷಗಳ ತರುವಾಯ, ೧೮೪೫ರ ಅಕ್ಟೋಬರ್ ೯ರಂದು, ತಾನು ಬಲಪಡಿಸಹೊರಟ ಚರ್ಚನ್ನೇ ಬಿಟ್ಟು ರೋಮನ್ ಕೆಥೊಲಿಕ್ ಪಂಥವನ್ನು ಸೇರಿದನು. ೧೮೬೪ರಲ್ಲಿ, ಪಾದ್ರಿಯೂ ಕಾದಂಬರಿಕಾರನೂ ಆದ ಚಾರ್ಲ್ಸ್ ಕಿಂಗ್ಸ್‌ಲಿಯ ಆಪಾದನೆಗೆ ಉತ್ತರವಾಗಿ ತನ್ನ ಪ್ರಸಿದ್ಧ ಆತ್ಮಕಥನವನ್ನು ಬರೆದನು. ೧೮೭೯ರಲ್ಲಿ ಕಾರ್ಡಿನಲ್ ಪದವಿ ದೊರೆಯಿತು. ೧೮೯೦ರ ಆಗಸ್ಟ್ ೧೧ರಂದು ತೀರಿಕೊಂಡನು. ೨೦೧೯ರ ಅಕ್ಟೋಬರ್ ೧೩ರಂದು ರೋಮಿನಲ್ಲಿ ಆತನನ್ನು ಸಂತನೆಂದು ಘೋಷಿಸಲಾಯಿತು.

ಈ ಜೀವನವನ್ನು ಬಲ್ಲವರು ಕವಿತೆಯನ್ನು ಓದುವಾಗ ಒಂದು ತಪ್ಪಿಗೆ ಎಡೆಯಿದೆ. ೧೮೪೫ರ ಮತಾಂತರವನ್ನು ೧೮೩೩ರ ಕವಿತೆಯಲ್ಲಿ ಕಾಣುವುದು, ಬೆಳಕು ಕೈದೋರಿದ್ದು ರೋಮಿನ ಕಡೆಗೇ ಎಂದು ಹೇಳುವುದು ಆ ತಪ್ಪು. ಕವಿತೆಯನ್ನು ಬರೆದಾಗ ನ್ಯೂಮನ್ನನು ರೋಮನ್ನು ಸಂದೇಹದಿಂದ ನೋಡುತ್ತಿದ್ದವನು. ಮುಂದೆ ಏನಾಗುವುದೆಂಬುದು ಆತನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂಬುದೇ ಕವಿತೆಯ ವಸ್ತು. ದೂರದ ನೋಟವನ್ನು ತಾನು ಕೇಳುವುದಿಲ್ಲ, ಒಂದು ಹೆಜ್ಜೆಯಷ್ಟು ಕಂಡರೆ ಸಾಕು ಎಂದು ಬೇಡಿದವನಿಗೆ ದೂರದ ಗುರಿಯನ್ನು ನಾವು ಹಿಂದಿನಿಂದ ಹಚ್ಚುವುದು ಕವಿತೆಗೆ ಬಗೆಯುವ ಅನ್ಯಾಯ. ಫಲವನ್ನು ಕಂಡು ಬೀಜವನ್ನು ವರ್ಣಿಸುವ ಈ ದೋಷ ಚರಿತ್ರೆಯ ವಿದ್ಯಾರ್ಥಿಗಳಿಗೆ ಬೇರೆ ಪ್ರಕರಣಗಳಿಂದ ಪರಿಚಿತವೇ ಆಗಿದೆ.

೩

ಇನ್ನು ಈ ಕವಿತೆಗೆ ಸ್ವದೇಶದಲ್ಲಿ ದೊರೆತ ಸ್ವಾಗತವನ್ನು ನೋಡೋಣ. ೧೮೩೪ರಲ್ಲಿ ‘ಬ್ರಿಟಿಷ್ ಮ್ಯಾಗಜೀನ್’ ಎಂಬ ಪತ್ರಿಕೆಯಲ್ಲಿ ಅಚ್ಚಾಗಿ, ೧೮೩೬ರಲ್ಲಿ ‘ಲೈರಾ ಅಪೊಸ್ಟಾಲಿಕಾ’ ಎಂಬ ಸಂಕಲನದಲ್ಲಿ ಅದು ಸೇರಿತು. ಆರು ಮಂದಿ ಕೂಡಿ ಬರೆದ ಆ ಗ್ರಂಥದ ೧೭೯ ಕವಿತೆಗಳಲ್ಲಿ ೧೦೯ ನ್ಯೂಮನ್ನನವು. ಕವಿಗಳ ಹೆಸರು ಅಲ್ಲಿರಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಗ್ರೀಕ್ ಅಕ್ಷರದ ಗುರುತಿತ್ತು. ನ್ಯೂಮನ್ನನ ಗುರುತು ‘ಡೆಲ್ಟಾ’. ಆ ೧೦೯ರಲ್ಲಿ ಜನಸಾಮಾನ್ಯರ ಬಾಯಲ್ಲಿ ನಿಂತದ್ದು ಇದೊಂದೇ ಎಂದರೂ ಸಲ್ಲುತ್ತದೆ. ೧೮೬೮ರಲ್ಲಿ ತನ್ನ ಕವಿತೆಗಳನ್ನು ಒಟ್ಟುಗೂಡಿಸಿದಾಗ ಆತನು ಇದಕ್ಕೆ ‘ಮೇಘಸ್ತಂಭ’ ಎಂಬರ್ಥದ ಶೀರ್ಷಿಕೆಯನ್ನಿತ್ತನು. ಮರುಭೂಮಿಯಲ್ಲಿ ಅಲೆಯುತ್ತಿದ್ದ ಇಸ್ರಾಯೇಲ್ಯರಿಗೆ ಹಗಲಲ್ಲಿ ಮೇಘದ ಕಂಬವೂ ಇರುಳಲ್ಲಿ ಬೆಂಕಿಯ ಕಂಬವೂ ದಾರಿ ತೋರಿದ ಬೈಬಲಿನ ಕಥೆಯೇ ಅದಕ್ಕೆ ಆಧಾರ.

ಕವಿತೆಗೆ ಕೀರ್ತಿ ತಂದದ್ದು ಸಂಗೀತ. ೧೮೬೫ರಲ್ಲಿ ಜಾನ್ ಡೈಕ್ಸ್ ಎಂಬ ಪಾದ್ರಿ ಅದಕ್ಕೊಂದು ಧಾಟಿ ಕಟ್ಟಿದನು. ಜನರು ಮೆಚ್ಚಿದ್ದು ತನ್ನ ಮಾತನ್ನಲ್ಲ, ಡೈಕ್ಸನ ಧಾಟಿಯನ್ನು ಎಂದು ನ್ಯೂಮನ್ನನೇ ಹೇಳಿದ್ದುಂಟು. ಬೇರೆ ಬೇರೆ ಪಂಥಗಳವರು ಅದನ್ನು ತಮ್ಮ ತಮ್ಮ ಕೀರ್ತನ ಗ್ರಂಥಗಳಿಗೆ ಸೇರಿಸಿಕೊಂಡರು. ಎಡ್ವರ್ಡ್ ಬಿಕರ್‌ಸ್ಟೆತ್ ಎಂಬ ಪಾದ್ರಿ ಕವಿತೆಗೆ ಧಾರ್ಮಿಕ ಪೂರ್ಣತೆ ಸಾಲದೆಂದು ಬಗೆದು ತಾನೇ ನಾಲ್ಕನೆಯ ನುಡಿಯೊಂದನ್ನು ರಚಿಸಿ ಅಂಟಿಸಿದನು; ನ್ಯೂಮನ್ನನಿಗೆ ಇದು ಒಪ್ಪಿಗೆಯಾಗಲಿಲ್ಲ. ಕೊನೆಯ ನುಡಿಯಲ್ಲಿ ಬರುವ ದಿವ್ಯಮುಖಗಳು ಯಾರವೆಂದು ೧೮೭೯ರಲ್ಲಿ ಒಬ್ಬರು ಕೇಳಿದಾಗ, ಸುಮಾರು ೫೦ ವರ್ಷಗಳ ಹಿಂದೆ ತನಗಿದ್ದ ಅರ್ಥವನ್ನು ಈಗ ನೆನೆಯಲೇಬೇಕೆಂಬ ಕಟ್ಟು ತನಗಿಲ್ಲವೆಂಬ ಭಾವದ ಉತ್ತರ ಕೊಟ್ಟನು. ೧೯೦೯ರ ಫೆಬ್ರವರಿಯಲ್ಲಿ ಡರ್ಹಮ್ ಪ್ರಾಂತದ ವೆಸ್ಟ್ ಸ್ಟ್ಯಾನ್ಲಿ ಕಲ್ಲಿದ್ದಲ ಗಣಿಯಲ್ಲಿ ಸ್ಫೋಟವಾದಾಗ, ನೆಲದಡಿಯ ಕತ್ತಲೆಯಲ್ಲಿ ಸಿಕ್ಕಿಬಿದ್ದ ಕೂಲಿಗಾರರು ಹಾಡಿಕೊಂಡದ್ದು ಇದೇ ಗೀತೆಯನ್ನು.

ಈ ಸಂಗತಿಗಳಿಂದ ಒಂದು ನಿರ್ಣಯ ಹೊರಡುತ್ತದೆ. ಕವಿಯಿಂದ ಬೇರ್ಪಡುವ ಕ್ರಿಯೆ ಕನ್ನಡದಲ್ಲಿ ಮೊದಲಾದುದಲ್ಲ. ಅದು ಇಂಗ್ಲೆಂಡಿನಲ್ಲಿ, ಕವಿ ಬದುಕಿರುವಾಗಲೇ ಆರಂಭವಾಗಿತ್ತು. ಒಬ್ಬ ಸಂಗೀತಗಾರ, ಒಬ್ಬ ತಿದ್ದುಗಾರ, ಲಕ್ಷಾಂತರ ಗಾಯಕರು ಸೇರಿ ಒಬ್ಬನ ತಳಮಳವನ್ನು ಸಮುದಾಯದ ಕೀರ್ತನೆಯನ್ನಾಗಿ ಮಾಡಿದ್ದರು.

೪

ಭಾರತದಲ್ಲಿ ಈ ಗೀತೆ ಚರ್ಚಿನ ಹೊರಗೂ ಮನ್ನಣೆ ಗಳಿಸಿದ್ದಕ್ಕೆ ಗಾಂಧೀಜಿಯವರ ಒಲವು ಒಂದು ದೊಡ್ಡ ಕಾರಣ. ೧೯೦೮ರ ಫೆಬ್ರವರಿ ೧೦ರಂದು ಜೋಹಾನ್ಸ್‌ಬರ್ಗಿನಲ್ಲಿ ಹಲ್ಲೆಗೊಳಗಾಗಿ ಜೋಸೆಫ್ ಡೋಕ್ ಎಂಬ ಪಾದ್ರಿಯ ಮನೆಯಲ್ಲಿ ಮಲಗಿದ್ದಾಗ, ಆತನ ಪುಟ್ಟ ಮಗಳಿಂದ ಅವರು ಕೇಳಿ ಹಾಡಿಸಿಕೊಂಡದ್ದು ಈ ಗೀತೆಯನ್ನೇ. ಗುಜರಾತಿಯಲ್ಲಿ ನರಸಿಂಹರಾವ್ ದಿವೇಟಿಯಾ ಅವರು ಮಾಡಿದ ಅನುವಾದವು ಆಶ್ರಮದ ಭಜನೆಗಳಲ್ಲಿ ಒಂದಾಯಿತು. ಕನ್ನಡದಲ್ಲಿ ಆ ಕೆಲಸ ಇಂಗ್ಲಿಷ್ ಪ್ರಾಧ್ಯಾಪಕರೊಬ್ಬರ ಕೈಗೆ ಬಂದಿತು.

ಶ್ರೀಯವರ (೧೮೮೪–೧೯೪೬) ಅನುವಾದದ ಗುಣವನ್ನು ಮೂರು ನೆಲೆಗಳಲ್ಲಿ ನೋಡಬಹುದು. ಮೊದಲನೆಯದು ಛಂದಸ್ಸು. ಮೂಲದಲ್ಲಿ ಹತ್ತು ಅಕ್ಷರದ ನೀಳಸಾಲಿನ ಬೆನ್ನಿಗೆ ನಾಲ್ಕು ಅಕ್ಷರದ ಮೋಟುಸಾಲು ಬರುತ್ತದೆ. ನೀಳಸಾಲಿನಲ್ಲಿ ಅಳುಕು, ಮೋಟುಸಾಲಿನಲ್ಲಿ ಮೊರೆ ಎಂಬುದು ಅದರ ಕ್ರಮ. ಶ್ರೀಯವರು ಈ ಉಬ್ಬುತಗ್ಗನ್ನು ಉಳಿಸಿಕೊಂಡು, ಒಳಗೆ ಐದು ಮಾತ್ರೆಯ ಗಣಗಳನ್ನು ನಡೆಸಿದ್ದಾರೆ. ಐದರ ಈ ನಡೆ ಕನ್ನಡ ಕಿವಿಗೆ ಹೊಸದಲ್ಲ. ವಾರ್ಧಕ ಷಟ್ಪದಿಯ ನಡೆಯೇ ಅದು. ಲಕ್ಷ್ಮೀಶನ ‘ಜೈಮಿನಿ ಭಾರತ’ವನ್ನು ಗಮಕಿಗಳ ಬಾಯಲ್ಲಿ ತಲೆಮಾರುಗಳಿಂದ ಕೇಳಿದವರಿಗೆ ಇಂಗ್ಲಿಷಿನ ವಿನ್ಯಾಸವು ಪರಿಚಿತ ಹೆಜ್ಜೆಯಲ್ಲಿ ನಡೆದು ಬಂದಿತು. ಹೊಸ ಕವಿತೆಯು ದ್ವಿತೀಯಾಕ್ಷರ ಪ್ರಾಸದ ಕಟ್ಟನ್ನು ಸಡಿಲಿಸಿತು, ಲಯದ ಋಣವನ್ನು ಮಾತ್ರ ಬಿಡಲಿಲ್ಲ.

ಎರಡನೆಯದು ಸಂಬೋಧನೆ. ಮೂಲದಲ್ಲಿ ಬೆಳಕಿಗಿರುವ ವಿಶೇಷಣ ಮೃದುವಾದುದು, ಸೌಮ್ಯವಾದುದು. ಕನ್ನಡದ ‘ಕರುಣಾಳು’ ಅದಕ್ಕಿಂತ ತೂಕದ ಶಬ್ದ; ಭಕ್ತರು ದೇವರನ್ನು ಕರೆಯುವ ಶಬ್ದ. ಮೂಲದ ಬೆಳಕು ಮುಂದೆ ಮುಂದೆ ಸಾಗುತ್ತ ದಾರಿ ತೋರುವ ಮೇಘಸ್ತಂಭ. ಅದಕ್ಕೂ ಪಥಿಕನಿಗೂ ನಡುವೆ ದೂರವಿದೆ. ಕನ್ನಡದ ಬೆಳಕು ಹತ್ತಿರ ಬಂದು ಕೈಹಿಡಿಯುತ್ತದೆ. ಕೈಹಿಡಿಯುವ ಮಾತು ಮೂಲದಲ್ಲಿಲ್ಲ, ಶ್ರೀಯವರು ತಂದದ್ದು. ಕತ್ತಲೆಯನ್ನು ಗವಿಯಾಗಿ ಕಾಣುವುದೂ ಅವರದೇ. ಹೀಗೆ ಇಂಗ್ಲಿಷಿನಲ್ಲಿ ದಾರಿಗನ ಪ್ರಾರ್ಥನೆಯಾಗಿದ್ದದ್ದು ಕನ್ನಡದಲ್ಲಿ ಮಗುವಿನ ಪ್ರಾರ್ಥನೆಗೆ ಸಮೀಪವಾಯಿತು. ಶಾಲೆಯ ಅಂಗಳಕ್ಕೆ ಅದು ಒಗ್ಗಿದ್ದರಲ್ಲಿ ಈ ಬದಲಾವಣೆಗೆ ದೊಡ್ಡ ಪಾಲಿದೆ.

ಮೂರನೆಯದು ‘ಮನೆ’. ಇಹವು ನಾಲ್ಕು ದಿನದ ತಂಗುದಾಣ, ನಿಜವಾದ ಮನೆ ಬೇರೆಡೆಯಲ್ಲಿದೆ ಎಂಬ ಭಾವವನ್ನು ನಮ್ಮ ದಾಸರೂ ಶರಣರೂ ಹಾಡುತ್ತಲೇ ಬಂದಿದ್ದಾರೆ. ಆದುದರಿಂದ ಮನೆ ದೂರವೆಂಬ ಮಾತನ್ನು ಕೇಳಿದೊಡನೆ ಕನ್ನಡಿಗನ ಮನಸ್ಸು ಪರದ ಕಡೆಗೆ ಹರಿಯುತ್ತದೆ. ಮೂಲದಲ್ಲಿಯೂ ಈ ಅರ್ಥವಿದೆ. ಆದರೆ ಅಲ್ಲಿ ಊರಿಗಾಗಿ ಹಂಬಲಿಸಿದ ರೋಗಿಯ ನಿಜವಾದ ಮನೆಯೂ ಇದೆ. ಈ ಎರಡನೆಯ ಮನೆ ಕನ್ನಡದಲ್ಲಿ ಕಾಣದಾಯಿತು. ಇದು ಅನುವಾದಕರ ದೋಷವಲ್ಲ; ಶಬ್ದಕ್ಕೆ ನಮ್ಮ ಪರಂಪರೆ ತುಂಬಿದ ಅರ್ಥದ ಫಲ.

೫

ಇಲ್ಲಿ ಒಂದು ಹೋಲಿಕೆ ಅವಶ್ಯ. ಕನ್ನಡವನ್ನು ಕಲಿತು ಕನ್ನಡದಲ್ಲಿಯೇ ಕವಿತೆ ಬರೆದ ಪಾದ್ರಿಯೂ ನಮ್ಮಲ್ಲಿದ್ದನು. ಫರ್ಡಿನಂಡ್ ಕಿಟ್ಟೆಲ್ (೧೮೩೨–೧೯೦೩) ಜರ್ಮನಿಯವನು. ಬಾಸೆಲ್ ಮಿಶನ್ನಿನ ಪರವಾಗಿ ೧೮೫೩ರಲ್ಲಿ ಇಲ್ಲಿಗೆ ಬಂದನು. ೧೮೬೨ರಲ್ಲಿ ಯೇಸುವಿನ ಚರಿತ್ರೆಯನ್ನು ಭಾರತೀಯ ಛಂದಸ್ಸಿನಲ್ಲಿ ಹೇಳುವ ‘ಕಥಾಮಾಲೆ’ಯನ್ನು ಮಂಗಳೂರಿನಲ್ಲಿ ಪ್ರಕಟಿಸಿದನು. ೧೮೭೫ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿದನು, ೧೮೯೪ರಲ್ಲಿ ಮಹಾನಿಘಂಟನ್ನು ಹೊರತಂದನು. ನಮ್ಮ ಛಂದಸ್ಸನ್ನು ಇಷ್ಟು ಶ್ರದ್ಧೆಯಿಂದ ಅಭ್ಯಸಿಸಿದ ಪರದೇಶೀಯರು ವಿರಳ. ಆದರೂ ನಿಘಂಟುಕಾರ ಕಿಟ್ಟೆಲ್ಲನನ್ನು ಕನ್ನಡಿಗರು ತಲೆಯ ಮೇಲೆ ಹೊತ್ತರು. ಕವಿ ಕಿಟ್ಟೆಲ್ಲನು ಚರ್ಚಿನ ವಲಯದ ಹೊರಗೆ ಓದುಗರನ್ನು ಪಡೆಯಲಿಲ್ಲ. ಕನ್ನಡವನ್ನರಿಯದ ನ್ಯೂಮನ್ನನಾದರೋ ಎಲ್ಲ ಮತದವರ ನಾಲಗೆಯನ್ನೇರಿದನು.

ಇದಕ್ಕೆ ಕಾರಣ ಮತದ್ವೇಷವೆಂದು ಹೇಳಿ ಮುಗಿಸುವುದು ಸರಿಯಲ್ಲ. ಹಾಗಿದ್ದರೆ ಕೆಥೊಲಿಕ್ ಕಾರ್ಡಿನಲ್ ಒಬ್ಬನ ಗೀತೆ ಶಾಲೆಯೊಳಗೆ ಕಾಲಿಡಬಾರದಾಗಿತ್ತು. ಭಾಷೆಯ ತೊಡಕೆಂದು ಹೇಳುವುದೂ ಸಾಲದು. ಭೇದವಿರುವುದು ಕವಿತೆಯ ನಿಲುವಿನಲ್ಲಿ. ‘ಕಥಾಮಾಲೆ’ ತಿಳಿದವನು ತಿಳಿಯದವರಿಗೆ ಹೇಳುವ ಕಾವ್ಯ. ನ್ಯೂಮನ್ನನದು ತಿಳಿಯದವನು ತಿಳಿವಿಗಾಗಿ ಬೇಡುವ ಕವಿತೆ. ಒಂದು ಉಪದೇಶಿಸಲು ಬಂದಿತು, ಇನ್ನೊಂದು ಯಾಚಿಸಲು ಬಂದಿತು. ಉಪದೇಶವನ್ನು ಕೇಳುವವನು ಒಪ್ಪಬೇಕು ಇಲ್ಲವೆ ಒಪ್ಪದಿರಬೇಕು. ಯಾಚನೆಯಲ್ಲಿ ದನಿಗೂಡಿಸಲು ಒಪ್ಪಿಗೆಯ ಅಗತ್ಯವಿಲ್ಲ, ಕತ್ತಲೆಯ ಅನುಭವವಿದ್ದರೆ ಸಾಕು. ಮೂರು ನುಡಿಗಳಲ್ಲಿ ಎಲ್ಲಿಯೂ ಕ್ರಿಸ್ತನ ಹೆಸರಿಲ್ಲ. ಬಿಕರ್‌ಸ್ಟೆತ್ತನಿಗೆ ಕೊರತೆಯೆಂದು ತೋರಿದ ಈ ಮೌನವೇ ಕನ್ನಡಿಗರಿಗೆ ಬಾಗಿಲಾಯಿತು.

೬

ಭೀಮಾ ತೀರದ ನಮ್ಮ ಭಾಗಕ್ಕೆ ಈ ವಿಚಾರವನ್ನು ಅನ್ವಯಿಸಿದಾಗ ಇನ್ನೊಂದು ಸಂಗತಿ ಸ್ಪಷ್ಟವಾಗುತ್ತದೆ. ಜೇವರ್ಗಿ ತಾಲೂಕಿನ ಇಜೇರಿ ಮೊದಲಾದ ಊರುಗಳು ೧೯೪೮ರವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದವು. ಸರಕಾರಿ ಶಿಕ್ಷಣದಲ್ಲಿ ಉರ್ದುವಿನದೇ ಮೇಲುಗೈ. ಮೈಸೂರಿನಲ್ಲಿ ಹುಟ್ಟಿದ ನವೋದಯ ಕಾವ್ಯ ಇಲ್ಲಿನ ಶಾಲೆಗಳಲ್ಲಿ ಸಲೀಸಾಗಿ ಹರಿದುಬರಲು ೧೯೫೬ರ ನವೆಂಬರ್ ೧ರ ಏಕೀಕರಣದವರೆಗೆ ಕಾಯಬೇಕಾಯಿತು. ಆದರೆ ಗುಂಪುಗೂಡಿ ಹಾಡುವ ಸಂಸ್ಕಾರ ಇಲ್ಲಿ ಎಂದೂ ಬತ್ತಿರಲಿಲ್ಲ. ಇದೇ ಸೀಮೆಯ ಕಡಕೋಳ ಮಡಿವಾಳಪ್ಪನವರ ತತ್ತ್ವಪದಗಳು ಏಕತಾರಿಯ ನಾದದೊಡನೆ ಜಾತಿಮತಗಳ ಗಡಿ ದಾಟಿ ಸಂಚರಿಸುತ್ತಿದ್ದವು. ಇರುಳೆಲ್ಲ ಭಜನೆಯಲ್ಲಿ ಕುಳಿತು ಒಳಗಿನ ಬೆಳಕನ್ನು ಹಾಡಿದ ಜನಕ್ಕೆ ನ್ಯೂಮನ್ನನ ಬೆಳಕು ಅಪರಿಚಿತವೆನಿಸಬೇಕಾದ ಕಾರಣವಿರಲಿಲ್ಲ.

ಆದರೆ ತತ್ತ್ವಪದಕ್ಕೂ ಈ ಗೀತೆಗೂ ಒಂದು ಮುಖ್ಯ ಅಂತರವಿದೆ. ತತ್ತ್ವಪದದ ಕೊನೆಗೆ ಅಂಕಿತವಿರುತ್ತದೆ. ಅಕ್ಷರ ಬಾರದವನು ಹಾಡಿದರೂ ಪದ ಮುಗಿಯುವಾಗ ಪದಕಾರನ ಗುರುತನ್ನು ನುಡಿಯಲೇಬೇಕು. ವಚನಕ್ಕೂ ಕೀರ್ತನೆಗೂ ಇದೇ ಕಟ್ಟು. ನಮ್ಮ ಪರಂಪರೆಯಲ್ಲಿ ಹಾಡು ಎಲ್ಲರದಾಗುತ್ತದೆ, ಆದರೆ ಹಾಡಿದವನು ಅನಾಮಧೇಯನಾಗುವುದಿಲ್ಲ. ನ್ಯೂಮನ್ನನ ಗೀತೆಗೆ ಈ ಕಾವಲಿಲ್ಲ. ಗ್ರೀಕ್ ಅಕ್ಷರದ ಮರೆಯಲ್ಲಿ ಹುಟ್ಟಿದ ಅದು, ನಾಲಗೆಯಿಂದ ನಾಲಗೆಗೆ ಹಾಯುವಾಗ ಕವಿಯನ್ನು ಇಳಿಸಿ ಮುಂದೆ ಸಾಗಿತು. ಎಷ್ಟೋ ಮಂದಿ ಅದನ್ನು ಶ್ರೀಯವರ ಸ್ವತಂತ್ರ ರಚನೆಯೆಂದು ತಿಳಿದಿದ್ದಾರೆ. ಅವರ ಹೆಸರನ್ನೂ ಅರಿಯದೆ ಹಾಡುವವರು ಇನ್ನೂ ಹೆಚ್ಚು.

ಇದರಿಂದ ಹಾನಿಯೇನು ಎಂಬ ಪ್ರಶ್ನೆ ಸಹಜ. ಕವಿಯನ್ನು ಮರೆತವರಿಗೆ ಇದು ಬಾಲಕರಿಗಾಗಿ ಬರೆದ ಸರಳ ಪ್ರಾರ್ಥನೆಯಂತೆ ತೋರುತ್ತದೆ. ಮೊದಲ ನುಡಿಯಷ್ಟನ್ನೇ ಹಾಡಿ ನಿಲ್ಲಿಸಿದರಂತೂ ಗರ್ವವನ್ನು ಒಪ್ಪಿಕೊಳ್ಳುವ ಎರಡನೆಯ ನುಡಿ ಕಿವಿಗೇ ಬೀಳುವುದಿಲ್ಲ. ಆಗ ‘ಒಂದು ಹೆಜ್ಜೆ ಸಾಕು’ ಎಂಬ ಭಾವವು ಸಣ್ಣ ಆಸೆಯಂತೆ ಕೇಳಿಸುತ್ತದೆ. ಆದರೆ ಅದನ್ನು ಹೇಳಿದವನು ತನ್ನ ಕಾಲದ ತೀಕ್ಷ್ಣಮತಿಗಳಲ್ಲಿ ಒಬ್ಬ. ದೂರದವರೆಗೆ ನೋಡಬಲ್ಲೆನೆಂದು ನಂಬಿದ್ದವನು, ಜ್ವರದಲ್ಲಿ ನಂಬಿಕೆಯೊಂದನ್ನುಳಿದು ಎಲ್ಲವನ್ನೂ ಕಳೆದುಕೊಂಡವನು. ಅವನ ಬಾಯಲ್ಲಿ ಆ ಮಾತು ಸಣ್ಣ ಆಸೆಯಲ್ಲ, ದೊಡ್ಡ ತ್ಯಾಗ. ಈ ತಿಳಿವಳಿಕೆಯಿಲ್ಲದೆ ಗೀತೆಯ ಮಾಧುರ್ಯ ಮಾತ್ರ ದಕ್ಕುತ್ತದೆ, ಅದರ ಬೆಲೆ ದಕ್ಕುವುದಿಲ್ಲ.

ಮೂಲವನ್ನು ಹೇಳಿದರೆ ಗೀತೆಯ ಸರ್ವಸಮ್ಮತಿಗೆ ಭಂಗ ಬಂದೀತೆಂದು ಅಂಜುವವರುಂಟು. ಮೂಲ ತಿಳಿದೊಡನೆ ಇದು ನಮ್ಮದಲ್ಲವೆಂದು ದೂರ ಸರಿಯುವವರೂ ಇರಬಹುದು. ಇಬ್ಬರೂ ಒಂದೇ ತಪ್ಪನ್ನು ಮಾಡುತ್ತಾರೆ. ಹುಟ್ಟಿದ ಮನೆಯೇ ಕವಿತೆಯ ಒಡೆತನವನ್ನು ನಿರ್ಣಯಿಸುತ್ತದೆಂದು ಇಬ್ಬರೂ ನಂಬಿದ್ದಾರೆ. ಈ ಗೀತೆಯ ಚರಿತ್ರೆ ಬೇರೆಯದನ್ನೇ ಹೇಳುತ್ತದೆ. ಇಂಗ್ಲಿಷ್ ಪಾದ್ರಿಯೊಬ್ಬನು ಇದನ್ನು ಬರೆದದ್ದು ಎಷ್ಟು ನಿಜವೋ, ಐದು ಮಾತ್ರೆಯ ನಡೆಯನ್ನೂ ಕೈಹಿಡಿವ ಕರುಣೆಯನ್ನೂ ಕೊಟ್ಟು ಕನ್ನಡವು ಇದನ್ನು ಸಾಕಿಕೊಂಡದ್ದೂ ಅಷ್ಟೇ ನಿಜ. ಒಂದನ್ನು ಹೇಳಲು ಇನ್ನೊಂದನ್ನು ಮುಚ್ಚಬೇಕಾಗಿಲ್ಲ.

ಆದುದರಿಂದ ನಮ್ಮ ತರಗತಿಗಳಲ್ಲಿ ಈ ಗೀತೆಯನ್ನು ಮೂರೂ ನುಡಿಗಳೊಡನೆ, ಇಬ್ಬರ ಹೆಸರುಗಳೊಡನೆ, ೧೮೩೩ರ ಆ ನಿಂತ ಹಡಗಿನ ವೃತ್ತಾಂತದೊಡನೆ ಕಲಿಸುವುದು ಯುಕ್ತ. ಕವಿತೆಗೆ ಅಂಕಿತವಿಲ್ಲದಿದ್ದರೆ ಅದನ್ನು ಕಲಿಸುವವನೇ ಅಂಕಿತವನ್ನು ನುಡಿಯಬೇಕು. ಇಷ್ಟು ಮಾಡಿದರೆ, ದಾರಿ ತಿಳಿಯದೆ ನಿಂತವನು ತಿಳಿಯದೆಂದು ಒಪ್ಪಿಕೊಳ್ಳುವುದರಲ್ಲಿಯೂ ಒಂದು ಘನತೆಯಿದೆಯೆಂಬುದು ವಿದ್ಯಾರ್ಥಿಗೆ ಮನದಟ್ಟಾಗುತ್ತದೆ.